ಗನ್‌ಮ್ಯಾನ್ ಪಾತ್ರದ ಲೈಸೆನ್ಸ್ ಯಾರ ಹೆಸರಲ್ಲಿದೆ?

ಮುಂಬೈ, ಪುಣೆಯಲ್ಲಿ ನಮ್ಮ ಕನ್ನಡದವರು ಆಡುವ ರೋಲ್‌ಪ್ಲೇ ಆಟಗಳಲ್ಲಿ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುತ್ತಾ, ಅನುಮಾನ ಬಂದಲ್ಲಿ ದಾಳ ಹಾಕಿ ಆಡುವ ಆಟ) ಒಂದು ಪಾತ್ರ ತಪ್ಪುವುದೇ ಇಲ್ಲ: ಖಾಸಗಿ ಸೆಕ್ಯುರಿಟಿಯ ಗನ್‌ಮ್ಯಾನ್. ಜವೇರಿ ಬಜಾರಿನ ಅಂಗಡಿ ಕಾಯುತ್ತಾನೆ, ಕ್ಯಾಶ್ ವ್ಯಾನಿನಲ್ಲಿ ಕೂರುತ್ತಾನೆ, ಬಿಲ್ಡರ್ ಹಿಂದೆ ಓಡಾಡುತ್ತಾನೆ. ಪಾತ್ರದ ವಿವರ ಬರೆಯುವ ಅವನ ಕ್ಯಾರೆಕ್ಟರ್ ಶೀಟಿನಲ್ಲಿ ಒಂದೇ ಸಾಲು: 'ಪಿಸ್ತೂಲು, ಲೈಸೆನ್ಸ್ ಇದೆ'. ಆ ಸಾಲಿನ ಮೇಲೇ ನನ್ನ ತಕರಾರು. ಯಾರ ಹೆಸರಲ್ಲಿದೆ? ಯಾವ ಬಂದೂಕಿಗೆ? ಎಲ್ಲಿಯವರೆಗೆ ನಡೆಯುತ್ತದೆ? ಇದನ್ನು ಬರೆಯದಿದ್ದರೆ ಆ ಲೈಸೆನ್ಸ್ ಇದ್ದೂ ಇಲ್ಲದ ಹಾಗೆ.

ಮೊದಲ ಗೊಂದಲ ಏಜೆನ್ಸಿಯದು. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆಂದೇ ಇರುವ 2005ರ ಪಸಾರಾ ಕಾಯ್ದೆ ಏಜೆನ್ಸಿಗೆ ಕೊಡುವುದು ಕಾವಲುಗಾರರನ್ನು ಒದಗಿಸುವ ವ್ಯವಹಾರದ ಪರವಾನಗಿ, ಅಷ್ಟೇ. ಬಂದೂಕಿನ ವಿಷಯ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ್ದು. ಯೂನಿಫಾರ್ಮ್ ತೊಟ್ಟ ಮಾತ್ರಕ್ಕೆ ಬಂದೂಕು ಹಿಡಿಯುವ ಹಕ್ಕು ಬರಲ್ಲ. ಬ್ಯಾಂಕಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಬಹಳ ಸಲ ಇರುವುದು ಅವನದೇ ಲೈಸೆನ್ಸಿನ 12 ಬೋರ್ ಜೋಡಿನಳಿಗೆಯ ಶಾಟ್‌ಗನ್. ಹಾಗಾಗಿ ಪಾತ್ರ ಕೆಲಸ ಬಿಟ್ಟರೆ ಬಂದೂಕೂ ಅವನ ಜೊತೆಗೇ ಹೋಗುತ್ತದೆ. ಅವನು ಸತ್ತಾಗ ಪಕ್ಕದ ಆಟಗಾರ 'ನಾನು ಎತ್ಕೊಳ್ತೀನಿ' ಅಂದನೋ, ಅಲ್ಲಿಂದಲೇ ಅಪರಾಧ. 2019ರ ತಿದ್ದುಪಡಿಯ ನಂತರ ಶಿಕ್ಷೆ 2ರಿಂದ 5 ವರ್ಷ. ಬೇರೆಯವನು ಒಯ್ಯಲು ಕಾಯ್ದೆ ಬಿಟ್ಟಿರುವ ಸಂದಿ ಸಣ್ಣದು: ಲೈಸೆನ್ಸ್‌ದಾರ ಎದುರಿಗಿರಬೇಕು ಇಲ್ಲವೇ ಬರೆದುಕೊಟ್ಟಿರಬೇಕು, ಅದೂ ರಿಪೇರಿ, ನವೀಕರಣ ಅಥವಾ ಅವನದೇ ಬಳಕೆಗಾಗಿ. ಚುರುಕು ಆಟಗಾರರು ಈ ಸಂದಿಯಲ್ಲೇ ನುಗ್ಗುತ್ತಾರೆ, ನುಗ್ಗಲಿ ಬಿಡಿ.

ಇನ್ನು, ಎಲ್ಲರೂ ಬರೆಯುವುದು 9 ಎಂಎಂ. ಅದು ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ಅಳತೆ. ಸಾಮಾನ್ಯ ಪಾತ್ರಕ್ಕೆ .32 ರಿವಾಲ್ವರ್ ಅಥವಾ 12 ಬೋರ್ ಕೊಡಿ.

ಆಟದಲ್ಲಿ ಲೈಸೆನ್ಸ್ ಆಗಿ ಬಳಸಲು ವಿಸಿಟಿಂಗ್ ಕಾರ್ಡಿನಷ್ಟು ರಟ್ಟು ಕತ್ತರಿಸಿ ಅದರ ಮೇಲೆ ಬರೆಯಿರಿ: ಹೆಸರು, ಬಂದೂಕಿನ ನಂಬರು, ಎಷ್ಟು ಗುಂಡು ಇಟ್ಟುಕೊಳ್ಳಬಹುದು, ಯಾವ ಪ್ರದೇಶ, ಯಾವಾಗ ಮುಗಿಯುತ್ತದೆ. ಅವಧಿ ಈಗ 5 ವರ್ಷ, ಮೊದಲು 3 ಇತ್ತು. ಕಾರ್ಡನ್ನು ಆಟಗಾರನ ಕೈಗೇ ಕೊಡಿ. ಲೈಸೆನ್ಸ್ ಪಡೆಯುವುದಕ್ಕೆ ಮಾತ್ರ ದಾಳ ಹಾಕಿಸಬೇಡಿ. 21 ವರ್ಷ ತುಂಬಿರಬೇಕು, ಪೊಲೀಸ್ ವೆರಿಫಿಕೇಶನ್ ಆಗಬೇಕು, ಮುಂಬೈ-ಪುಣೆಯಲ್ಲಾದರೆ ಕಮಿಷನರ್, ಗೋವಾದಲ್ಲಾದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಕೊಡಬೇಕು. ಇದೆಲ್ಲ ಪಾತ್ರದ ಹಿನ್ನೆಲೆಯಲ್ಲೇ ಮುಗಿದಿರಲಿ.

ದಾಳ ಬೇಕಾಗುವುದು ತಪಾಸಣೆಗೆ. ಇಲ್ಲೇ ಆಟ ನಡೆಸುವ ಹೆಚ್ಚಿನ ಗೇಮ್ ಮಾಸ್ಟರ್‌ಗಳು ಎಡವುವುದು: ಪ್ರತಿ ಸಿಗ್ನಲ್‌ನಲ್ಲೂ ಪೊಲೀಸ್ ನಿಲ್ಲಿಸಿ ಆಟವನ್ನು ಆರ್‌ಟಿಒ ಆಫೀಸು ಮಾಡಿಬಿಡುತ್ತಾರೆ. ಕಾರ್ಡಿನ ಯಾವುದಾದರೂ ವಿವರ ಹೊಂದದಿದ್ದಾಗ ಮಾತ್ರ ದಾಳ ಎತ್ತಿ. ಆರು ಮುಖದ ಎರಡು ದಾಳ, ಒಂದು ವಿವರ ತಪ್ಪಿದ್ದರೆ ಒಟ್ಟು 8 ಅಥವಾ ಮೇಲೆ ಬಂದರೆ ಪಾರು. 36ರಲ್ಲಿ 15 ಸಲ ಹಾಗಾಗುತ್ತದೆ. ಎರಡು ತಪ್ಪಿದ್ದರೆ 10 ಅಥವಾ ಮೇಲೆ ಬೇಕು, 36ರಲ್ಲಿ 6. ಮೂರಾದರೆ 12, ಒಂದೇ ಸಲ. ಇದಕ್ಕಿಂತ ಜಟಿಲವಾದ ಲೆಕ್ಕ ಬೇಕಿಲ್ಲ.

ಟ್ರಾವೆಲರ್ ಎಂಬ ಬಾಹ್ಯಾಕಾಶದ ರೋಲ್‌ಪ್ಲೇ ಆಟ ಆಡುವವರಿಗೆ ಕೆಲಸ ಇನ್ನೂ ಸುಲಭ. ಅಲ್ಲಿ ಪ್ರತಿ ಲೋಕದ ಕಾನೂನು ಎಷ್ಟು ಬಿಗಿ ಎಂದು ಹೇಳುವ 'ಕಾನೂನು ಮಟ್ಟ' ಇದೆ, ಅದು 6 ಆದಾಗ ಬಂದೂಕುಗಳ ಪೈಕಿ ಶಾಟ್‌ಗನ್ ಮಾತ್ರ ಉಳಿಯುತ್ತದೆ, ನಮ್ಮ ಬ್ಯಾಂಕ್ ಗನ್‌ಮ್ಯಾನ್‌ಗೆ ಹೇಳಿ ಮಾಡಿಸಿದ ಹಾಗೆ. ಶ್ಯಾಡೋರನ್ ಎಂಬ ಇನ್ನೊಂದು ರೋಲ್‌ಪ್ಲೇ ಆಟದಿಂದ ಎರವಲು ತರಬೇಕಾದದ್ದು ಬೇರೆ: ಅಲ್ಲಿ ನಕಲಿ ಲೈಸೆನ್ಸ್ ನಕಲಿ ಗುರುತಿಗೆ ಅಂಟಿಕೊಂಡಿರುತ್ತದೆ. ಗುರುತು ಸಿಕ್ಕಿಬಿತ್ತೋ, ಅದರ ಮೇಲಿದ್ದ ಲೈಸೆನ್ಸ್‌ಗಳೆಲ್ಲ ಒಟ್ಟಿಗೆ ಹೋದವು.

ಕಾರ್ಡಿನಲ್ಲಿ ನನಗೆ ಅತಿ ಇಷ್ಟದ ಜಾಗ 'ಪ್ರದೇಶ'. ಅಲ್ಲಿ 'ಮಹಾರಾಷ್ಟ್ರ ಮಾತ್ರ' ಎಂದು ಬರೆದು, ಯಜಮಾನನನ್ನು ಗೋವಾದ ಮದುವೆಗೆ ಹೊರಡಿಸಿ. ಮಹಾರಾಷ್ಟ್ರದ ಗಡಿಯ ಬಾಂದಾ ದಾಟಿದರೆ ಗೋವಾದ ಪತ್ರಾದೇವಿ ಚೆಕ್‌ಪೋಸ್ಟ್. ಅಷ್ಟರೊಳಗೆ ಪಾತ್ರ ತೀರ್ಮಾನಿಸಬೇಕು: ಬಂದೂಕನ್ನು ಮುಂಬೈಯಲ್ಲೇ ಬಿಟ್ಟು ಬರಿಗೈಯಲ್ಲಿ ಬರುವುದೋ, ಸೀಟಿನಡಿ ತುರುಕಿ ಧೈರ್ಯ ಮಾಡುವುದೋ, ಯಜಮಾನನಿಗೆ 'ಆಗಲ್ಲ ಸಾಹೇಬ್ರೆ' ಅನ್ನುವುದೋ. ಅರ್ಧ ಸಂಜೆಯ ಆಟ ಇಲ್ಲೇ ಸಿಗುತ್ತದೆ, ಒಂದು ಗುಂಡೂ ಹಾರಬೇಕಿಲ್ಲ. ಚುನಾವಣೆಯೂ ಹೀಗೇ. ನೀತಿಸಂಹಿತೆ ಬಂದಾಗ ಬಂದೂಕು ಠಾಣೆಗೆ ಜಮಾ ಮಾಡು ಎಂಬ ಆದೇಶ ಬರಬಹುದು, ದರೋಡೆಯ ಕತೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ.

ಗುಂಡು ಹಾರಿತು ಅನ್ನಿ. ಆತ್ಮರಕ್ಷಣೆ ಎಂದು ವಾದಿಸಬಹುದು, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದಕ್ಕೇ ಇವೆ. ಆದರೂ ಪಂಚನಾಮೆ ಆಗುತ್ತದೆ, ಖಾಲಿ ಗುಂಡು ಎಣಿಸುತ್ತಾರೆ, ಬಂದೂಕು ಜಪ್ತಿಯಾಗಿ ಮುಂಬೈಯ ಕಲೀನಾದ ಫೊರೆನ್ಸಿಕ್ ಲ್ಯಾಬಿಗೆ ಹೋಗುತ್ತದೆ. ಮುಂದಿನ ಅಧ್ಯಾಯಕ್ಕೆ ಅದನ್ನು ವಾಪಸ್ ಕೊಡಬೇಡಿ. ಕೈಯಲ್ಲಿ ಲಾಠಿ, ಟಾರ್ಚು ಕೊಟ್ಟು ಗೇಟಿಗೆ ನಿಲ್ಲಿಸಿ, ಸಂಬಳವನ್ನೂ ಇಳಿಸಿ. ಗನ್‌ಮ್ಯಾನ್ ದರ ಬೇರೆ, ವಾಚ್‌ಮನ್ ದರ ಬೇರೆ.