ಬೀರುವಿನಲ್ಲಿದ್ದ ನೋಟಿಸು

ನಮ್ಮ ದೊಡ್ಡಪ್ಪ ಸಂತೆಗೆ ಹೋಗುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಮಂಡಿನೋವು ಇರಬೇಕು ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ಪೇಪರಿನಲ್ಲಿ ಅವರ ಹೆಸರು, ಸರ್ವೆ ನಂಬರು, ಸಾಲದ ಮೊತ್ತ ಎಲ್ಲ ಅಚ್ಚಾಗಿತ್ತು. ಮೂಡಿಗೆರೆ ಕಡೆಯ ಅವರ ಆರು ಎಕರೆ ಕಾಫಿ ತೋಟವನ್ನು ಬ್ಯಾಂಕು ಸ್ವಾಧೀನಕ್ಕೆ ತಗೊಂಡಿದೆ ಎಂಬ ಪ್ರಕಟಣೆ. ಅವರ ಮನೆಗೆ ಓಡಿದೆ. ದೊಡ್ಡಮ್ಮ ಬೀರು ತೆಗೆದು, ಸೀರೆಗಳ ಅಡಿಯಿಂದ ಒಂದು ರಿಜಿಸ್ಟರ್ಡ್ ಕವರ್ ತಂದು ಕೊಟ್ಟರು. ಒಡೆದೇ ಇರಲಿಲ್ಲ.

"ಓದಿ ಏನ್ ಮಾಡ್ಲಿ ಮಗಾ, ಜಪ್ತಿ ಅಂದ್ಮೇಲೆ ಮುಗೀತಲ್ಲ" ಅಂದರು ದೊಡ್ಡಪ್ಪ.

ಮುಗಿದಿರಲಿಲ್ಲ. ಆ ಕವರಿನೊಳಗೆ 60 ದಿನ ಇತ್ತು.

ಇದು 2002ರ ಸರ್ಫೇಸಿ ಕಾಯ್ದೆ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ಹಿಡಿದು ಮಾರಬಹುದು. ಸಾಮಾನ್ಯವಾಗಿ ಕಂತು 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಬೆಳೆ ಸಾಲದ ಲೆಕ್ಕ ಬೇರೆ. ಆಮೇಲೆ 60 ದಿನದ ನೋಟಿಸು. ಅದಕ್ಕೆ ನಾವು ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಕೊಟ್ಟು ಉತ್ತರಿಸಲೇಬೇಕು. ಗೇಟಿಗೆ ಸ್ವಾಧೀನದ ನೋಟಿಸು ಅಂಟಿಸಿದ ಮೇಲೂ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ ಇರುತ್ತದೆ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿದರೆ ಮಾರಾಟ ನಿಲ್ಲಿಸಬೇಕು. ಇಷ್ಟೆಲ್ಲ ಬಾಗಿಲು ಇರುವಾಗ ನಮ್ಮವರು ಒಂದನ್ನೂ ತಟ್ಟುವುದಿಲ್ಲ. ಕಾರಣ ಮರ್ಯಾದೆ. ಊರಿಗೆ ಗೊತ್ತಾಗುತ್ತದೆ ಎಂಬ ಭಯದಲ್ಲಿ ಕವರ್ ಮುಚ್ಚಿಡುತ್ತಾರೆ, ಕೊನೆಗೆ ಪೇಪರಿನಲ್ಲೇ ಬಂದು ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲೂ ಇಂಥ ಕವರ್ ಇದ್ದರೆ ದಯವಿಟ್ಟು ಇವತ್ತೇ ಒಡೆದು ತಾರೀಖು ನೋಡಿ, ವಕೀಲರಿಗೆ ತೋರಿಸಿ.

ಈ ಭಯ ನಮಗೆ ಹಳೆಯದು. ಕೋರ್ಟಿನ ಆದೇಶದಂತೆ ಜಪ್ತಿ ಮಾಡುವ ಅಮೀನ ಬರುತ್ತಾನೆಂದು ತಿಳಿದ ರಾತ್ರಿ ಅಡುಗೆ ಪಾತ್ರೆಗಳನ್ನೆಲ್ಲ ಪಕ್ಕದ ಮನೆಯ ಅಟ್ಟಕ್ಕೆ ಸಾಗಿಸಿದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. ತಾಳಿಯನ್ನೂ ಬಿಚ್ಚಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದರಂತೆ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಆಗಲೂ ಅವನ್ನು ಮುಟ್ಟುವ ಹಾಗಿರಲಿಲ್ಲ! 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲೇ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ, ಇವನ್ನು ಜಪ್ತಿ ಮಾಡುವಂತಿಲ್ಲ. ರೈತನ ಸಲಕರಣೆ, ಬದುಕಿಗೆ ಬೇಕಾದ ದನ ಮತ್ತು ಬಿತ್ತನೆ ಬೀಜಕ್ಕೂ ರಕ್ಷಣೆ ಇದೆ. ಸೂರ್ಯ ಮುಳುಗಿದ ಮೇಲೆ ಅಮೀನ ವಾಸದ ಮನೆಯೊಳಗೆ ಕಾಲಿಡುವಂತಿಲ್ಲ. ಜಮೀನು ಜಪ್ತಿಯಾದರೆ ತಮಟೆ ಬಾರಿಸಿ ಸಾರಬೇಕು ಎಂದು ಬರೆದಿಟ್ಟ ಅದೇ ಕಾನೂನು ಇದು. ತಮಟೆ ಸದ್ದು ಊರಿಗೆಲ್ಲ ಕೇಳಿಸಿತು, 60ನೇ ಕಲಮು ಅಜ್ಜಿಯ ಕಿವಿಗೆ ಬೀಳಲೇ ಇಲ್ಲ.

ಸಾಲ ತೀರಿಸಬಾರದು ಅಂತ ನಾನು ಹೇಳುತ್ತಿಲ್ಲ. ತಗೊಂಡದ್ದನ್ನು ಕೊಡಬೇಕು, ಬ್ಯಾಂಕಿನಲ್ಲಿರುವುದು ಯಾರದೋ ದುಡಿಮೆಯ ಹಣ. ಆದರೆ ಕಾಫಿಯವರ ವಿಷಯದಲ್ಲಿ ಒಂದು ಅನ್ಯಾಯ ಇದೆ ಅಲ್ವಾ? ಸರ್ಫೇಸಿ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಭತ್ತದ ಗದ್ದೆಯನ್ನು ಈ ದಾರಿಯಲ್ಲಿ ಹರಾಜು ಹಾಕುವಂತಿಲ್ಲ. ಕಾಫಿ ತೋಟದ ಮಾತು ಬಂದಾಗ ಮಾತ್ರ ಇದು ಪ್ಲಾಂಟೇಶನ್, ಕೃಷಿಯಲ್ಲ ಎಂಬ ವಾದ ಎದ್ದು ನಿಲ್ಲುತ್ತದೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಗಾರರು ಇದನ್ನು ವಿರೋಧಿಸುತ್ತಲೇ ಬಂದಿದ್ದಾರೆ. 2019ರ ಆಗಸ್ಟ್ ಮಳೆ ಮೂಡಿಗೆರೆಯಲ್ಲಿ ಗುಡ್ಡ ಕುಸಿಯುವ ಹಾಗೆ ಸುರಿದಾಗ ಗದ್ದೆ ಯಾವುದು, ತೋಟ ಯಾವುದು ಅಂತ ನೋಡಲಿಲ್ಲ. ಕೊಳೆರೋಗ, ಕಾಂಡಕೊರಕ ಬಂದರೆ ಸಣ್ಣ ಬೆಳೆಗಾರನ ಗತಿ ಯಾವ ರೈತನ ಗತಿಗಿಂತ ಬೇರೆ?

ದೊಡ್ಡಪ್ಪ ಕೊನೆಗೆ ಬ್ಯಾಂಕಿನ ಒಪ್ಪಿಗೆ ಪಡೆದು ಕೆಳಗಿನ ಎರಡು ಎಕರೆ ಮಾರಿ ಸಾಲ ಚುಕ್ತಾ ಮಾಡಿದರು. ಅವಸರದ ಮಾರಾಟ, ಕೇಳಿದ ರೇಟು ಸಿಗಲಿಲ್ಲ. ಆ 60 ದಿನವನ್ನು ಬಳಸಿಕೊಂಡಿದ್ದರೆ ನಾಲ್ಕು ಜನರನ್ನು ವಿಚಾರಿಸಿ ಮಾರಬಹುದಿತ್ತು. ಕೃಷಿ ಭೂಮಿ ಎಂದರೆ ಕಾಫಿ ತೋಟವೂ ಸೇರಿ ಎಂದು ಆ 31ನೇ ಕಲಮಿನಲ್ಲಿ ಸಂಸತ್ತು ಒಂದು ಸಾಲು ಬರೆಯಲಿ. ಹಾಸನ, ಚಿಕ್ಕಮಗಳೂರಿನಿಂದ ಗೆದ್ದು ದೆಹಲಿಗೆ ಹೋದವರು ಅದನ್ನು ಕೇಳಲಿ.