ನಾಲ್ಕನೆಯ ಪೀರಿಯಡ್ಡಿನ ಫ್ರೆಂಚ್

ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲೊಂದರಲ್ಲಿ ಹನ್ನೊಂದನೆಯ ತರಗತಿಗೆ ಹೋಗಲಿರುವ ನನ್ನ ಮಗಳ ವೇಳಾಪಟ್ಟಿ ಕೈಸೇರಿದಾಗ ಅದರಲ್ಲಿ ಫ್ರೆಂಚ್ 3, ಅಂದರೆ ಮೂರನೆಯ ವರ್ಷದ ಫ್ರೆಂಚ್, ಇರಲಿಲ್ಲ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಫಿಸಿಕ್ಸ್ ಸಿ ಮತ್ತು ಫ್ರೆಂಚ್ 3 ಎರಡಕ್ಕೂ ಶಾಲೆಯಲ್ಲಿ ಒಂದೊಂದೇ ಸೆಕ್ಷನ್ ಇದ್ದು, ಎರಡೂ ನಾಲ್ಕನೆಯ ಪೀರಿಯಡ್ಡಿಗೇ ಬಿದ್ದಿದ್ದರಿಂದ ಒಂದನ್ನು ಬಿಡಲೇಬೇಕೆಂದು ಕೌನ್ಸೆಲರ್ ತಿಳಿಸಿದರು. ಈ ಸಂಕಟವನ್ನು ಮೈಸೂರಿನಲ್ಲಿ ಪಿಯು ಕಾಲೇಜಿನ ಉಪನ್ಯಾಸಕರಾಗಿರುವ ಭಾವನವರಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕುಬಿಟ್ಟರು: "ಇದರಲ್ಲಿ ಯೋಚನೆ ಮಾಡೋದೇನಿದೆ? ಫ್ರೆಂಚ್ ಕಟ್ಕೊಂಡು ಏನಾಗ್ಬೇಕು ಅವಳಿಗೆ?"

ಆ ನಗು ನನಗೆ ಚುಚ್ಚಿತು. ಎಂಜಿನಿಯರಿಂಗ್ ಓದಬೇಕೆನ್ನುವ ಮಗುವಿಗೂ ಇಲ್ಲಿ ಭಾಷೆ ಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಕೇಳುವ 15 ವಾರ್ಷಿಕ ಕೋರ್ಸುಗಳಲ್ಲಿ ಇಂಗ್ಲಿಷ್ ಅಲ್ಲದ ಒಂದೇ ಭಾಷೆಯ 2 ವರ್ಷದ ಅಧ್ಯಯನ ಕಡ್ಡಾಯ. 3 ವರ್ಷ ಓದಿದ್ದರೆ ಒಳ್ಳೆಯದೆಂದು ಅದೇ ಹೇಳುತ್ತದೆ. ಹಾರ್ವರ್ಡಿನಂಥ ಕಡೆ 4 ವರ್ಷವೆಂಬ ಸಲಹೆಯಿದೆ. ಹಾಗಾಗಿ ಎರಡನೆಯ ವರ್ಷಕ್ಕೇ ಫ್ರೆಂಚ್ ನಿಲ್ಲಿಸಿದರೆ ಅರ್ಜಿ ಓದುವವರ ಕಣ್ಣಿಗೆ ಅದು ಬೀಳುತ್ತದೆ.

ನಮ್ಮಲ್ಲಿ ನಡೆಯುವುದೇನು? ಪಿಯುಸಿಯ 600 ಅಂಕಗಳಲ್ಲಿ 200 ಭಾಷೆಗಳಿಗೇ ಮೀಸಲು. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕ ಹಾಕುವಾಗ ಸಿಇಟಿಯ ಜೊತೆಗೆ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು ಮಾತ್ರ. ಭಾಷೆಯಲ್ಲಿ ಪಾಸಾದರೆ ಸಾಕು. ಆದ್ದರಿಂದಲೇ ಡಿಸೆಂಬರ್ ಬಂತೆಂದರೆ ಕನ್ನಡದ ಪೀರಿಯಡ್ಡನ್ನು ಗಣಿತದವರು "ಸ್ವಲ್ಪ ಪೋರ್ಷನ್ ಉಳಿದಿದೆ ಸಾರ್" ಎಂದು ಕೇಳಿ ಪಡೆಯುತ್ತಾರೆ, ಕನ್ನಡದವರು ಸೌಜನ್ಯದಿಂದ ಬಿಟ್ಟುಕೊಡುತ್ತಾರೆ. ಒಟ್ಟು ಶೇಕಡಾವಾರು ಏರಲೆಂದು ಸಂಸ್ಕೃತ ತೆಗೆದುಕೊಂಡು, ಉತ್ತರಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು, ನೂರಕ್ಕೆ ನೂರು ಗಳಿಸಿದ ಎಷ್ಟು ಜನ ಒಂದು ಶ್ಲೋಕವನ್ನು ತಾವಾಗಿ ಬಿಡಿಸಿ ಅರ್ಥ ಹೇಳಬಲ್ಲರು? ನನ್ನ ಮಗಳಾದರೋ ತಪ್ಪುತಪ್ಪಾಗಿಯೇ ಆದರೂ ಫ್ರೆಂಚಿನಲ್ಲಿ ಮೇಷ್ಟರೊಡನೆ ವಾದ ಹೂಡುತ್ತಾಳೆ. ಭಾಷೆಗೆ ವೇಳಾಪಟ್ಟಿಯಲ್ಲಿ ಜಾಗ ಕೊಟ್ಟು ಬೆಲೆ ಕೊಡದ ನಮ್ಮ ಪದ್ಧತಿಗಿಂತ, ಬೆಲೆ ಕೊಟ್ಟು ಜಾಗಕ್ಕೆ ಪರದಾಡಿಸುವ ಈ ಪದ್ಧತಿಯೇ ನನಗೆ ಮೇಲೆನಿಸುತ್ತದೆ.

ಕೊನೆಗೆ ಫಿಸಿಕ್ಸನ್ನು ಶಾಲೆಯಲ್ಲಿ ಉಳಿಸಿಕೊಂಡು, ಫ್ರೆಂಚನ್ನು ಸಮೀಪದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಕೋರ್ಸುಗಳ ಸ್ಥಳೀಯ ಸರ್ಕಾರಿ ಕಾಲೇಜು) ಸಂಜೆ ಓದುವುದೆಂದು ತೀರ್ಮಾನಿಸಿದೆವು. ಅಲ್ಲಿಯ ಒಂದು ಸೆಮಿಸ್ಟರನ್ನು ವಿಶ್ವವಿದ್ಯಾಲಯವು ಹೈಸ್ಕೂಲಿನ ಒಂದು ವರ್ಷಕ್ಕೆ ಸಮವೆಂದು ಪರಿಗಣಿಸುತ್ತದೆ. ಆದರೆ ಈ ದಾರಿ ತಿಳಿದದ್ದು ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರಿಂದಲೇ ಹೊರತು ಶಾಲೆಯಿಂದಲ್ಲ. ಸಂಜೆ ಕಾರಿನಲ್ಲಿ ಕರೆದೊಯ್ಯಲು ಬಿಡುವಿರುವ ತಂದೆತಾಯಿ ಇಲ್ಲದ ಮಕ್ಕಳು ಫ್ರೆಂಚನ್ನು ಸುಮ್ಮನೆ ಕೈಬಿಡುತ್ತಾರೆ.

ಇನ್ನೊಂದನ್ನೂ ಒಪ್ಪಲೇಬೇಕು. ಎಪಿ ಭಾಷಾ ಪರೀಕ್ಷೆಗಳ ಪಟ್ಟಿಯಲ್ಲಿ ಜಪಾನಿ, ಚೀನಿ, ಲ್ಯಾಟಿನ್ ಎಲ್ಲ ಇದ್ದರೂ ಭಾರತದ ಒಂದು ಭಾಷೆಯೂ ಇಲ್ಲ. ಮನೆಯಲ್ಲಿ ಆಡುವ ಕನ್ನಡ ಅವಳಿಗೆ ಅಲ್ಲಿ ನೆರವಾಗದು. ಭಾವನವರ ಕಾಲೇಜಿನಲ್ಲಿ ಪಿಸಿಎಂಬಿ ಸೆಕ್ಷನ್ನಿನ ಮಕ್ಕಳು ಇಡೀ ದಿನ ಒಂದೇ ಕೊಠಡಿಯಲ್ಲಿರುತ್ತಾರೆ, ಓಡಾಡುವವರು ಮೇಷ್ಟರುಗಳು. ಭಾಷೆಯ ಗಂಟೆ ಬಾರಿಸಿದಾಗ ಮಾತ್ರ ಕನ್ನಡದವರು ಕುಳಿತಲ್ಲೇ ಕುಳಿತು, ಹಿಂದಿಯವರೂ ಸಂಸ್ಕೃತದವರೂ ಪುಸ್ತಕ ಹಿಡಿದು ಪಕ್ಕದ ಕೊಠಡಿಗಳಿಗೆ ಹೋಗುತ್ತಾರೆ. ಭಾಷೆಗಳನ್ನೆಲ್ಲ ಒಂದೇ ಗಂಟೆಗೆ ಸೇರಿಸಿ, ಯಾವ ಮಗುವೂ ಫಿಸಿಕ್ಸೋ ಭಾಷೆಯೋ ಎಂದು ತಲೆಕೆಡಿಸಿಕೊಳ್ಳದಂತೆ ಮಾಡುವ ಆ ಟೈಮ್‌ಟೇಬಲ್ಲನ್ನು ಭಾವನವರೇ ಪ್ರತಿ ವರ್ಷ ಜೂನ್‌ನಲ್ಲಿ ಸ್ಟಾಫ್ ರೂಮಿನಲ್ಲಿ ಕುಳಿತು ಪೆನ್ಸಿಲ್ಲಿನಲ್ಲಿ ಬರೆಯುತ್ತಾರೆ.