ಮಾಹಿತಿದಾರ-7

ಬ್ರಿಟನ್ನಿನಲ್ಲಿ ಒಬ್ಬ ಪ್ಲಂಬರ್ ಇದ್ದಾನೆ ಎಂದುಕೊಳ್ಳಿ. ಟೀವಿ ಸಾಕ್ಷ್ಯಚಿತ್ರದವರು ಮೂರು ತಿಂಗಳು ಅವನ ಮನೆಯಲ್ಲಿ ಬೀಡುಬಿಟ್ಟರು. ಸಾಲದ ಕಂತಿಗಾಗಿ ಅವನು ಹೆಂಡತಿಯೊಂದಿಗೆ ಜಗಳವಾಡಿದ್ದನ್ನೂ ಮುನಿಸಿಕೊಂಡು ಸೋಫಾದ ಮೇಲೆ ಮಲಗಿದ್ದನ್ನೂ ಹೆಸರು, ಮುಖ, ಬೀದಿಯ ಸಮೇತ ದೇಶಕ್ಕೆಲ್ಲ ತೋರಿಸಿದರು. ಅದಾದ ಮೇಲೆ ಪ್ರಾಧ್ಯಾಪಕರು ಬಂದರು. ಅವರ ಸಂಶೋಧನೆ ‘ಸಾಕ್ಷ್ಯಚಿತ್ರ ಟೀವಿಯಲ್ಲಿ ಜನಸಾಮಾನ್ಯರ ಪಾಲ್ಗೊಳ್ಳುವಿಕೆ’ ಕುರಿತದ್ದು. ಪ್ಲಂಬರನ ಖಾಸಗಿತನಕ್ಕೆ ಕೂದಲಷ್ಟೂ ಧಕ್ಕೆಯಾಗಬಾರದೆಂದು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಕಟ್ಟಪ್ಪಣೆ. ಹಾಗಾಗಿ ಪ್ರಬಂಧದಲ್ಲಿ ಅವನು ‘ಮಾಹಿತಿದಾರ-7’. (ನಮ್ಮ ಪೊಲೀಸರೂ ಇದೇ ಪದ ಬಳಸುತ್ತಾರೆ.) ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಕೇಳಿದ್ದೆ, ಆ ಬಾಗಿಲಿಗೊಂದು ಸಮಿತಿ, ಬೀಗಕ್ಕೊಂದು ಅನುದಾನ ಇರುವುದು ಗೊತ್ತಿರಲಿಲ್ಲ.

ಸೂರೆಯೇನೋ ಹಳೆಯದು. 1974ರಲ್ಲಿ ಬಿಬಿಸಿ ರೆಡಿಂಗ್ ಪಟ್ಟಣದ ಬಸ್ ಚಾಲಕನೊಬ್ಬನ ಸಂಸಾರವನ್ನು 12 ಕಂತುಗಳಲ್ಲಿ ತೋರಿಸಿತು. ಚಿತ್ರೀಕರಣ ಮುಗಿಯುವ ಮೊದಲೇ ಪ್ರಸಾರ ಶುರುವಾದ್ದರಿಂದ, ಹಿಂದಿನ ಕಂತು ನೋಡಿ ಊರು ಆಡಿಕೊಂಡದ್ದೂ ಮುಂದಿನ ಕಂತಿಗೆ ಸರಕಾಯಿತು. ಅದಕ್ಕೂ ಹಿಂದೆ, 1964ರಲ್ಲಿ, ಗ್ರನಾಡಾ ಟೀವಿ ಏಳು ವರ್ಷದ 14 ಮಕ್ಕಳನ್ನು ಹಿಡಿದು ಕೂರಿಸಿತ್ತು. ಆಮೇಲೆ ಏಳು ವರ್ಷಕ್ಕೊಮ್ಮೆ ಕ್ಯಾಮೆರಾ ಬಾಗಿಲು ತಟ್ಟುತ್ತಲೇ ಹೋಯಿತು, 2019ರವರೆಗೆ! ನಮ್ಮ ಶನಿರಾಯನಾದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತಾನೆ. ಆ ಮಕ್ಕಳಲ್ಲಿ ಒಬ್ಬ ಬೆಳೆದು ತಾನೇ ಸಾಕ್ಷ್ಯಚಿತ್ರ ತಯಾರಕನಾದ. ಅವನು 21ನೇ ವಯಸ್ಸಿನ ನಂತರ ಆ ಕ್ಯಾಮೆರಾದ ಮುಂದೆ ಕೂರಲಿಲ್ಲ. ಅಡುಗೆಮನೆ ಕಂಡವನು ಆ ಹೋಟೆಲಿನಲ್ಲಿ ಉಣ್ಣುವುದು ಕಷ್ಟ.

ನಮ್ಮ ಪ್ರಾಧ್ಯಾಪಕರ ಮೊದಲ ಅಧ್ಯಾಯ ‘ಸಾಮಾನ್ಯ’ ಎಂದರೆ ಯಾರು ಎಂಬುದಕ್ಕೇ ಮೀಸಲು. ಟೀವಿಗೆ ಬರುವ ಮೊದಲು ಪ್ಲಂಬರ್ ಅಪ್ಪಟ ಸಾಮಾನ್ಯ, ಆದರೆ ಆಗ ಅವನನ್ನು ಅಧ್ಯಯನ ಮಾಡಲು ಕಾರಣವಿಲ್ಲ. ಬಂದ ಮೇಲೆ ಕಾರಣವಿದೆ, ಆದರೆ ಅವನು ಸಾಮಾನ್ಯನಾಗಿ ಉಳಿದಿಲ್ಲ. ಅರವತ್ತು ಪುಟ ಹೀಗೇ ಸಾಗುತ್ತದೆ. ಪ್ಲಂಬರನನ್ನೇ ಕೇಳಿದ್ದರೆ ‘ನಲ್ಲಿ ರಿಪೇರಿ ಮಾಡುವವನು’ ಎಂದು ಮೂರೇ ಪದದಲ್ಲಿ ಹೇಳುತ್ತಿದ್ದ.

ಸಹಿಗಳ ಕಥೆ ಇನ್ನೂ ಸೊಗಸು. ಟೀವಿಯವರ ಒಪ್ಪಿಗೆ ಪತ್ರ ಒಂದೇ ಪುಟ. ಇಂದಿರುವ ಮತ್ತು ಮುಂದೆ ಹುಟ್ಟಲಿರುವ ಎಲ್ಲ ಮಾಧ್ಯಮಗಳಲ್ಲಿ, ಬ್ರಹ್ಮಾಂಡದಾದ್ಯಂತ, ಶಾಶ್ವತವಾಗಿ ನಿನ್ನ ಮುಖ ನಮ್ಮದು ಎಂಬ ಧಾಟಿಯದು, ಜನ್ಮಾಂತರವೊಂದೇ ಬಿಟ್ಟುಹೋಗಿದೆ. ಪ್ಲಂಬರ್ ಅದಕ್ಕೆ ವ್ಯಾನಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದ್ದ. ಪ್ರಾಧ್ಯಾಪಕರ ಪತ್ರ ಒಂಬತ್ತು ಪುಟ. ಸಹಿ ಹಾಕಿದಾಗ ಏನನ್ನಿಸಿತು ಎಂದು ಕೇಳುವುದಕ್ಕೆ ಒಪ್ಪಿಗೆಯಿದೆಯೆಂದು ಸಹಿ, ಹೇಳಿದ್ದನ್ನು ಧ್ವನಿಮುದ್ರಿಸಲು ಸಹಿ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬುದು ಅರ್ಥವಾಗಿದೆಯೆಂದು ಇನ್ನೊಂದು ಸಹಿ. ಪೂರ್ತಿ ಓದಿ ನೋಡಿದ ಪ್ಲಂಬರ್, “ಈ ಕೊನೆಯದನ್ನು ಟೀವಿಯವರಿಗೆ ಕೊಟ್ಟು ಬರಬಹುದೇ ಸಾರ್?” ಎಂದ. ಪ್ರಾಧ್ಯಾಪಕರು ಸಂಭ್ರಮದಿಂದ ಅದನ್ನು ಉದ್ಧರಣ ಚಿಹ್ನೆಯೊಳಗೆ ಬರೆದುಕೊಂಡರು.

ಪ್ರಬಂಧ ಪ್ರಕಟವಾಯಿತು, ಬಡ್ತಿಯೂ ಬಂತು. ತನ್ನ ಬಗ್ಗೆ ಏನು ಬರೆದಿದ್ದಾರೆಂದು ಮಾಹಿತಿದಾರ-7 ಹುಡುಕಿದರೆ, ಅದು ಅಚ್ಚಾದ ಸಂಶೋಧನಾ ಪತ್ರಿಕೆಯ ಬಾಗಿಲಲ್ಲಿ, ಓದುವುದಕ್ಕೆ 30 ಪೌಂಡ್ ಸುಂಕ. ಸೋಫಾದ ಮೇಲೆ ಅವನು ಮಲಗಿದ್ದನ್ನು ಮಾತ್ರ ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು.